14 ನಿಮಿಷಗಳಿಗೊಬ್ಬ ಸೆಂಟರ್

2019ರ ಮೇ 12ರಂದು ಟೊರೊಂಟೊದಲ್ಲಿ ನಡೆದ ಪ್ಲೇಆಫ್‌ನ, ಅಂದರೆ ಋತುವಿನ ಕೊನೆಯಲ್ಲಿ ಸೋತವರು ಹೊರಬೀಳುವ ಸುತ್ತಿನ, ಏಳನೆಯ ಪಂದ್ಯವನ್ನು ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ ನೋಡುವವರು ಮರೆತಿರಲಾರರು. ಟೊರೊಂಟೊದ ಕವಾಯ್ ಲೆನರ್ಡ್ ಎಸೆದ ಚೆಂಡು ಬುಟ್ಟಿಯ ಅಂಚಿನ ಮೇಲೆ ನಾಲ್ಕು ಸಲ ಪುಟಿದು ಒಳಗೆ ಬಿತ್ತು. ಫಿಲಡೆಲ್ಫಿಯಾ 92–90ರಲ್ಲಿ ಸೋತು ಮನೆಗೆ ಹೊರಟಿತು. ನನ್ನ ಕೆಲಸದಲ್ಲಿರುವವರು ಆ ಪಂದ್ಯವನ್ನು ನೆನೆಯುವುದು ಬೇರೆ ಕಾರಣಕ್ಕೆ. ಅಂದು ಫಿಲಡೆಲ್ಫಿಯಾದ ಸೆಂಟರ್, ಅಂದರೆ ಬುಟ್ಟಿಯ ಬಳಿ ಆಡುವ ಎತ್ತರದ ಆಟಗಾರ, ಜೋಯೆಲ್ ಎಂಬೀಡ್ 45 ನಿಮಿಷ ಆಡಿದರು. ಅವರು ಅಂಕಣದಲ್ಲಿದ್ದ ಹೊತ್ತಿನಲ್ಲಿ ಫಿಲಡೆಲ್ಫಿಯಾ ಎದುರಾಳಿಗಿಂತ 10 ಅಂಕ ಹೆಚ್ಚು ಗಳಿಸಿತ್ತು. ಅವರು ಬೆಂಚಿನಲ್ಲಿ ಕುಳಿತದ್ದು ಮೂರು ನಿಮಿಷಕ್ಕೂ ಕಡಿಮೆ. ಅಷ್ಟರಲ್ಲಿ ತಂಡ ಎದುರಾಳಿಗಿಂತ 12 ಅಂಕ ಕಡಿಮೆ ಗಳಿಸಿತು.

ಬದಲಿ ಸೆಂಟರ್‌ಗಾಗಿ ನಾವು ಬೇಸಿಗೆಯಿಡೀ ತಲೆಕೆಡಿಸಿಕೊಳ್ಳುವುದು ಆ ಮೂರು ನಿಮಿಷಗಳಿಗಾಗಿ.

ನಾನು ಎನ್‌ಬಿಎ ತಂಡವೊಂದರಲ್ಲಿ ಇತರ ತಂಡಗಳ ಆಟಗಾರರನ್ನು ನೋಡಿ ವರದಿ ಬರೆಯುವ ವಿಭಾಗದಲ್ಲಿದ್ದೇನೆ. ಆಟ ಕಲಿತದ್ದು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ, ಉದ್ಯೋಗ ಸಿಕ್ಕಿದ್ದು ಅಮೆರಿಕದಲ್ಲಿ. ಕನ್ನಡದಲ್ಲಿ ಈ ಆಟದ ಬಗ್ಗೆ ಬರುವ ಬರಹಗಳು ಹೆಚ್ಚಾಗಿ ಅಂಕಗಳ ಸುದ್ದಿ. ಒಬ್ಬ ಆಟಗಾರ ತಂಡಕ್ಕೆ ಹೇಗೆ ಬರುತ್ತಾನೆ ಎನ್ನುವುದು ಓದಲು ಸಿಗುವುದಿಲ್ಲ. ಅದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ. ತಂಡದ ಹೆಸರನ್ನೂ ನಾವು ಪರಿಗಣಿಸಿದ ಆಟಗಾರರ ಹೆಸರನ್ನೂ ಹೇಳುವಂತಿಲ್ಲ.

ನಮ್ಮ ಮುಖ್ಯ ಸೆಂಟರ್ ಇನ್ನೂ ಯುವಕ, ರಾತ್ರಿಗೆ 33–34 ನಿಮಿಷ ಆಡಬಲ್ಲವರು. ಪಂದ್ಯ 48 ನಿಮಿಷದ್ದು. ಉಳಿಯುವುದು 14 ನಿಮಿಷ. ಮೊದಲ ಕ್ವಾರ್ಟರ್ ಮುಗಿಯಲು ಮೂರು ನಾಲ್ಕು ನಿಮಿಷ ಇರುವಾಗ ಬದಲಿ ಆಟಗಾರ ಇಳಿದು ಎರಡನೆಯ ಕ್ವಾರ್ಟರ್‌ನ ನಡುವಿನವರೆಗೆ ಇರುತ್ತಾರೆ. ದ್ವಿತೀಯಾರ್ಧದಲ್ಲಿ ಇನ್ನೊಮ್ಮೆ ಇದೇ ಸರದಿ. ಸತತ ಎರಡು ರಾತ್ರಿ ಪಂದ್ಯವಿದ್ದರೆ ಮುಖ್ಯ ಸೆಂಟರ್‌ಗೆ ಒಂದು ರಾತ್ರಿ ವಿಶ್ರಾಂತಿ, ಆಗ ಬದಲಿಯೇ ಮುಖ್ಯ. 82 ಪಂದ್ಯಗಳ ಋತುವಿನಲ್ಲಿ ಇದು ಸಣ್ಣ ಹೊರೆಯಲ್ಲ.

ಹಿರಿಯರೇ ಏಕೆ ಬೇಕು ಎಂದರೆ, ಸೆಂಟರ್‌ನ ರಕ್ಷಣೆ ನಿಧಾನವಾಗಿ ಕೈಗೆ ಬರುವ ವಿದ್ಯೆ. ಇಪ್ಪತ್ತರ ಹುಡುಗ ಎತ್ತರಕ್ಕೆ ಜಿಗಿಯಬಲ್ಲ, ಆದರೆ ಸ್ಕ್ರೀನ್ (ಜೊತೆಗಾರನಿಗೆ ದಾರಿ ಮಾಡಿಕೊಡಲು ಅವನ ಎದುರಾಳಿಗೆ ಅಡ್ಡ ನಿಲ್ಲುವುದು) ಎಲ್ಲಿಂದ ಬರುತ್ತಿದೆ, ಮೂಲೆಯಲ್ಲಿ ನಿಂತಿರುವ ಎದುರಾಳಿ ಯಾವ ಕ್ಷಣದಲ್ಲಿ ಒಳಗೆ ನುಗ್ಗುತ್ತಾನೆ ಎಂದು ಮೊದಲೇ ಕಾಣಲು ವರ್ಷಗಳು ಬೇಕು. ಟೂ-ವೇ ಒಪ್ಪಂದದಲ್ಲಿದ್ದು ನಮಗೂ ಕಿರಿಯರ ಲೀಗ್‌ನ ನಮ್ಮ ತಂಡಕ್ಕೂ ಆಡುವ ಹುಡುಗರನ್ನು ನೆಚ್ಚಿಕೊಳ್ಳೋಣವೆಂದರೆ ಅವರು ಋತುವಿನಲ್ಲಿ 50 ಪಂದ್ಯಗಳಿಗಿಂತ ಹೆಚ್ಚು ಆಡುವಂತಿಲ್ಲ, ಪ್ಲೇಆಫ್‌ನಲ್ಲಂತೂ ಇಳಿಯುವಂತೆಯೇ ಇಲ್ಲ.

ಹಣದ ಲೆಕ್ಕವೂ ಹಿರಿಯರ ಪರವಾಗಿಯೇ ಇದೆ. 2024–25ರಲ್ಲಿ 10 ವರ್ಷ ಅಥವಾ ಅದಕ್ಕಿಂತ ಹೆಚ್ಚು ಅನುಭವವಿರುವ ಆಟಗಾರರ ಕನಿಷ್ಠ ವೇತನ ಸುಮಾರು 33 ಲಕ್ಷ ಡಾಲರ್ ಇತ್ತು. ಒಪ್ಪಂದ ಒಂದೇ ವರ್ಷದ್ದಾದರೆ ತಂಡದ ಲೆಕ್ಕಕ್ಕೆ ಬರುವುದು ಎರಡು ವರ್ಷ ಆಡಿದವರ ಕನಿಷ್ಠ ವೇತನ ಮಾತ್ರ, ಅಂದರೆ ಸುಮಾರು 21 ಲಕ್ಷ. ಉಳಿದದ್ದನ್ನು ಲೀಗ್ ತುಂಬಿಕೊಡುತ್ತದೆ. ದುಬಾರಿ ಎಂಬ ಕಾರಣಕ್ಕೆ ಹಿರಿಯರನ್ನು ಯಾರೂ ಕೈಬಿಡಬಾರದೆಂದು ಮಾಡಿದ ಈ ನಿಯಮ ನನ್ನ ದೃಷ್ಟಿಯಲ್ಲಿ ಲೀಗ್‌ನ ಒಳ್ಳೆಯ ನಿಯಮಗಳಲ್ಲೊಂದು. ವೇತನದ ಮಿತಿ ಮೀರಿ ಲೀಗ್‌ಗೆ ತೆರಿಗೆ ಕಟ್ಟುವ ಮಟ್ಟದಲ್ಲಿರುವ ನಮ್ಮಂಥ ತಂಡಕ್ಕೆ ಈ ದಾರಿ ಬಿಟ್ಟರೆ ಬೇರೆಯದು ಇರಲೂ ಇಲ್ಲ.

ಈ ಆಯ್ಕೆಯ ಬಗ್ಗೆ ನನ್ನದೊಂದು ಗಟ್ಟಿ ನಿಲುವಿದೆ. ಬದಲಿ ಸೆಂಟರ್ ಆಕ್ರಮಣದಲ್ಲಿ ಮುಖ್ಯ ಸೆಂಟರ್‌ಗಿಂತ ಎಷ್ಟು ಬೇರೆಯಾಗಿದ್ದರೂ ನಡೆಯುತ್ತದೆ. ರಕ್ಷಣೆಯಲ್ಲಿ ಮಾತ್ರ ಅವರಂತೆಯೇ ಇರಬೇಕು. ನಮ್ಮ ತಂಡ ಆಡುವುದು ಡ್ರಾಪ್ ಪದ್ಧತಿ. ಎದುರಾಳಿಯ ಗಾರ್ಡ್, ಅಂದರೆ ಚೆಂಡು ನಡೆಸುವ ಆಟಗಾರ, ಸ್ಕ್ರೀನ್ ಬಳಸಿಕೊಂಡು ಬರುವಾಗ ನಮ್ಮ ಸೆಂಟರ್ ಮುಂದೆ ನುಗ್ಗುವುದಿಲ್ಲ, ಬುಟ್ಟಿಯ ಕಡೆಗೆ ಹಿಂದೆ ಸರಿಯುತ್ತಾರೆ. ಚೆಂಡು ಹಿಡಿದವನನ್ನೂ ಬುಟ್ಟಿಯತ್ತ ಓಡುವ ಸ್ಕ್ರೀನ್ ಹಾಕಿದವನನ್ನೂ ಒಬ್ಬರೇ ತಡೆಯುತ್ತಾ, ನಮ್ಮ ಗಾರ್ಡ್ ಹಿಂದಿನಿಂದ ಬಂದು ಸೇರುವವರೆಗೆ ಹೊತ್ತು ಕಳೆಯುತ್ತಾರೆ. ನಮ್ಮ ಗಾರ್ಡ್‌ಗಳು ಸ್ಕ್ರೀನ್ ಬಂದ ಕೂಡಲೇ ಬೆನ್ನಟ್ಟುವುದು ಹಿಂದೆ ಸೆಂಟರ್ ಇದ್ದಾರೆಂಬ ಭರವಸೆಯಿಂದ. ಬದಲಿಯಾಗಿ ಬಂದವರು ಮುಂದೆ ನುಗ್ಗುವವರಾದರೆ ಉಳಿದ ನಾಲ್ವರೂ ನಿಲ್ಲುವ ಜಾಗ ಬದಲಾಗುತ್ತದೆ. ರಾತ್ರಿಗೆ 14 ನಿಮಿಷಕ್ಕಾಗಿ ನಾಲ್ವರ ರೂಢಿಯನ್ನು ಕೆಡಿಸುವುದು ನನಗೆ ಒಪ್ಪಿತವಲ್ಲ.

ಹಾಗಾಗಿ ಮೊದಲ ಜರಡಿ ಸುಲಭವಾಯಿತು: ಹಿಂದಿನ ತಂಡಗಳಲ್ಲಿ ಡ್ರಾಪ್ ಆಡಿ ಪಳಗಿದವರು, ವಯಸ್ಸು ಮೂವತ್ತು ದಾಟಿದವರು, ಕನಿಷ್ಠ ವೇತನಕ್ಕೆ ಸಿಗಬಹುದಾದವರು. ಅಂಕಿಅಂಶಗಳನ್ನು ನೋಡಿದೆವು, ಆದರೆ ಅವುಗಳ ಮೇಲೆ ಪೂರ್ತಿ ಭಾರ ಹಾಕಲಿಲ್ಲ. ಬದಲಿ ಆಟಗಾರನ ಪ್ಲಸ್-ಮೈನಸ್ (ಅವರು ಆಡುವಾಗ ತಂಡ ಮತ್ತು ಎದುರಾಳಿ ಗಳಿಸಿದ ಅಂಕಗಳ ವ್ಯತ್ಯಾಸ) ಅವರೊಂದಿಗೆ ಯಾರು ಆಡಿದರು ಎನ್ನುವುದನ್ನೇ ಹೆಚ್ಚು ಹೇಳುತ್ತದೆ. ರೀಬೌಂಡ್‌ನಲ್ಲಿ, ಅಂದರೆ ಗುರಿ ತಪ್ಪಿ ಪುಟಿದ ಚೆಂಡನ್ನು ಹಿಡಿಯುವುದರಲ್ಲಿ, ಅವರ ಸ್ವಂತ ಸಂಖ್ಯೆಯನ್ನು ಬದಿಗಿಟ್ಟು, ಅವರು ಅಂಕಣದಲ್ಲಿದ್ದಾಗ ಇಡೀ ತಂಡ ಎಷ್ಟು ಪಾಲು ರೀಬೌಂಡ್ ಹಿಡಿಯಿತು ಎಂದು ನೋಡಿದೆವು. ರಾಬಿನ್ ಲೋಪೆಝ್, ಸ್ಟೀವನ್ ಆ್ಯಡಮ್ಸ್ ಅವರಂಥ ಸೆಂಟರ್‌ಗಳು ಚೆಂಡಿನ ಕಡೆ ನೋಡದೆ ಎದುರಾಳಿಯನ್ನು ಬೆನ್ನಿನಿಂದ ಒತ್ತಿ ದೂರವಿಡುತ್ತಾರೆ. ಚೆಂಡು ಪಕ್ಕದ ಗಾರ್ಡ್‌ನ ಕೈ ಸೇರುತ್ತದೆ. ಪಂದ್ಯದ ಅಂಕಿಅಂಶಗಳ ಪಟ್ಟಿಯಲ್ಲಿ ಈ ಕೆಲಸಕ್ಕೆ ಜಾಗವೇ ಇಲ್ಲ.

ಫೌಲ್‌ಗಳ ವಿಷಯದಲ್ಲಿ ಎಷ್ಟು ಎನ್ನುವುದಕ್ಕಿಂತ ಯಾವಾಗ ಎನ್ನುವುದು ಮುಖ್ಯ. 14 ನಿಮಿಷ ಆಡುವವರಿಗೆ ಆರು ಫೌಲ್‌ಗಳ ಮಿತಿ ಅಷ್ಟಾಗಿ ಕಾಡುವುದಿಲ್ಲ. ಆದರೆ ಪ್ರತಿ ಕ್ವಾರ್ಟರ್‌ನಲ್ಲೂ ತಂಡದ ಐದನೆಯ ಫೌಲ್‌ನಿಂದ ಎದುರಾಳಿಗೆ ಎರಡು ಫ್ರೀ ಥ್ರೋ ಸಿಗುತ್ತವೆ. ಎರಡನೆಯ ಕ್ವಾರ್ಟರ್‌ನ ಆರಂಭದಲ್ಲೇ ಬದಲಿ ಸೆಂಟರ್ ಬೇಡದ ಜಾಗದಲ್ಲಿ ಎರಡು ಫೌಲ್ ಮಾಡಿದರೆ ಅದರ ಸಾಲ ತೀರಿಸಬೇಕಾದವರು ಆಮೇಲೆ ಇಳಿಯುವ ಮುಖ್ಯ ಆಟಗಾರರು. ಬುಟ್ಟಿಯಿಂದ 25 ಅಡಿ ದೂರದಲ್ಲಿ ಎದುರಾಳಿಯನ್ನು ತಡೆಯಲು ಹೋಗಿ ಫೌಲ್ ತಂದುಕೊಳ್ಳುವ ಅಭ್ಯಾಸವಿದ್ದ ಒಬ್ಬರನ್ನು ಇದೇ ಕಾರಣಕ್ಕೆ ಪಟ್ಟಿಯಿಂದ ತೆಗೆದೆವು.

ಕೊನೆಗೆ ಉಳಿದವರು ಇಬ್ಬರು. ಒಬ್ಬರಿಗೆ 34 ವರ್ಷ, ದೂರದಿಂದ ಎಸೆಯುವುದೇ ಇಲ್ಲ. ಇನ್ನೊಬ್ಬರು ಮೂರು ವರ್ಷ ಕಿರಿಯರು, ಮೂರು ಪಾಯಿಂಟ್ ಗೆರೆಯ ಆಚೆಯಿಂದ ಚೆನ್ನಾಗಿ ಎಸೆಯುತ್ತಾರೆ. ಕಿರಿಯರು ಡ್ರಾಪ್ ಆಡಿದ್ದು ವೃತ್ತಿಯ ಮೊದಲ ವರ್ಷಗಳಲ್ಲಿ. ಇತ್ತೀಚಿನ ಋತುಗಳಲ್ಲಿ ಅವರ ತಂಡ ಅವರನ್ನು ಸ್ಕ್ರೀನ್‌ನ ಮಟ್ಟಕ್ಕೆ ಮುಂದೆ ತಂದು ಆಡಿಸಿತ್ತು.

ವಿಡಿಯೊದಲ್ಲಿ ನಾನು ಮೊದಲು ನೋಡುವುದು ಕಾಲು. 34ರ ಆ ಹಿರಿಯರ ಒಂದು ತುಣುಕನ್ನು ತರಬೇತುದಾರರ ಸಭೆಯಲ್ಲಿ ನಿಲ್ಲಿಸಿ ನಿಲ್ಲಿಸಿ ತೋರಿಸಿದೆ. ಎದುರಾಳಿ ಗಾರ್ಡ್ ಬಲಗಡೆಯಿಂದ ಸ್ಕ್ರೀನ್ ಸುತ್ತಿ ಬರುತ್ತಿದ್ದಾನೆ. ಹಿರಿಯರ ಎಡಗಾಲು ಮುಂದಿದೆ, ಎಡಗೈ ಕೆಳಗೆ, ಪುಟಿದು ಹಾಯುವ ಪಾಸ್‌ನ ದಾರಿಯಲ್ಲಿ. ಬಲಗೈ ಮೇಲೆ, ಬುಟ್ಟಿಯ ಹತ್ತಿರ ಎತ್ತಿ ಹಾಕುವ ಪಾಸ್‌ಗೆ ಅಡ್ಡವಾಗಿ. ಗಾರ್ಡ್ ಒಂದು ಡ್ರಿಬಲ್ ಹೆಚ್ಚು ಮಾಡುತ್ತಾನೆ, ಎಸೆಯುವಂತೆ ನಟಿಸುತ್ತಾನೆ. ಇವರು ಜಿಗಿಯುವುದಿಲ್ಲ, ಇನ್ನೊಂದು ಅರ್ಧ ಹೆಜ್ಜೆ ಹಿಂದೆ ಸರಿಯುತ್ತಾರೆ ಅಷ್ಟೇ. ಅಷ್ಟರಲ್ಲಿ ಹಿಂದಿನಿಂದ ಅವರ ಗಾರ್ಡ್ ಬಂದು ಸೇರಿದ್ದಾರೆ. ಎದುರಾಳಿ ಚೆಂಡನ್ನು ಹೊರಗೆ ಕೊಡಬೇಕಾಯಿತು. ಬ್ಲಾಕ್ ಇಲ್ಲ, ಚೆಂಡು ಕಸಿದದ್ದಿಲ್ಲ, ಯಾವ ಸಂಖ್ಯೆಯೂ ಇಲ್ಲ. ಆದರೂ ಆ ಆಕ್ರಮಣವನ್ನು ಮುರಿದವರು ಇವರೇ.

ಮತ್ತೊಂದು ತುಣುಕಿನಲ್ಲಿ ಅವರು ಬುಟ್ಟಿಯ ಕೆಳಗಿನ ಬಣ್ಣದ ಚೌಕದಲ್ಲಿ ನಿಂತಿದ್ದರು. ಯಾವ ಎದುರಾಳಿಯನ್ನೂ ಹತ್ತಿರದಿಂದ ತಡೆಯದೆ ಅಲ್ಲಿ ಮೂರು ಸೆಕೆಂಡಿಗಿಂತ ಹೆಚ್ಚು ನಿಂತರೆ ತಾಂತ್ರಿಕ ಫೌಲ್. ಅವರು ಎರಡು ಎಣಿಸಿ ಒಂದು ಹೆಜ್ಜೆ ಹೊರಗಿಟ್ಟು ಮತ್ತೆ ಒಳಗೆ ಬರುವುದು ಗಡಿಯಾರದ ಲೋಲಕದಂತೆ ನಡೆದಿತ್ತು, ಕಣ್ಣು ಮಾತ್ರ ಚೆಂಡಿನ ಮೇಲೆಯೇ.

ವಿಡಿಯೊ ತೋರಿಸದ ಒಂದು ಸಂಗತಿ ದನಿ. ಪ್ರಸಾರದಲ್ಲಿ ವೀಕ್ಷಕ ವಿವರಣೆ ಎಲ್ಲವನ್ನೂ ಮುಚ್ಚಿಬಿಡುತ್ತದೆ. ಆದ್ದರಿಂದ ಚಳಿಗಾಲದಲ್ಲೇ ಇಬ್ಬರ ಪಂದ್ಯಗಳಿಗೂ ಹೋಗಿ ಬುಟ್ಟಿಯ ಹಿಂದಿನ ಸಾಲಿನಲ್ಲಿ ಕುಳಿತಿದ್ದೆ. ಹಿರಿಯರು ಸ್ಕ್ರೀನ್ ಬರುವ ಮೊದಲೇ ಯಾವ ಕಡೆಯಿಂದ ಬರುತ್ತಿದೆ ಎಂದು ಕೂಗುತ್ತಿದ್ದರು. ಗಾರ್ಡ್ ತಿರುಗಿ ನೋಡದಿದ್ದರೆ ಮತ್ತೆ ಕೂಗುತ್ತಿದ್ದರು. ತಂಡ 20 ಅಂಕ ಹಿಂದಿದ್ದಾಗಲೂ ಆ ದನಿ ತಗ್ಗಲಿಲ್ಲ. ಕಿರಿಯರು ಸ್ಕ್ರೀನ್ ತಾಗಿದ ಮೇಲೆ ಕೂಗುತ್ತಿದ್ದರು.

ಆಮೇಲೆ ಅವರೊಂದಿಗೆ ಹಿಂದೆ ಕೆಲಸ ಮಾಡಿದವರನ್ನು ಕೇಳುವ ಕೆಲಸ. ಮುಖ್ಯ ತರಬೇತುದಾರರು ಎಲ್ಲರನ್ನೂ ಹೊಗಳುತ್ತಾರೆ. ಸಹಾಯಕ ತರಬೇತುದಾರರು, ಸಾಮಗ್ರಿ ನೋಡಿಕೊಳ್ಳುವವರು, ಮಸಾಜ್ ಮಾಡುವವರು ನಿಜ ಹೇಳುತ್ತಾರೆ. ಎಲ್ಲರಿಗೂ ನನ್ನದು ಒಂದೇ ಪ್ರಶ್ನೆ: ಒಂದು ನಿಮಿಷವೂ ಆಡಿಸದ ರಾತ್ರಿಯ ಮರುದಿನ ಬೆಳಿಗ್ಗೆ ಅವರು ಹೇಗಿದ್ದರು?

ಈ ಪ್ರಶ್ನೆಯ ಬೆಲೆ ಏನೆಂದು ಲೀಗ್‌ನ ಇತ್ತೀಚಿನ ಇತಿಹಾಸವೇ ತೋರಿಸುತ್ತದೆ. 2019ರ ಆಗಸ್ಟ್‌ನಲ್ಲಿ ಡಿಮಾರ್ಕಸ್ ಕಸಿನ್ಸ್ ಅವರ ಮೊಣಕಾಲಿನ ಅಸ್ಥಿರಜ್ಜು ಹರಿದು ಲೇಕರ್ಸ್ ತಂಡಕ್ಕೆ ಸೆಂಟರ್ ಬೇಕಾದಾಗ ಡ್ವೈಟ್ ಹೋವರ್ಡ್ ಪೂರ್ತಿ ವೇತನದ ಖಾತರಿಯಿಲ್ಲದ ಒಪ್ಪಂದಕ್ಕೆ ಸಹಿ ಹಾಕಿದರು. ಎಂಟು ಬಾರಿ ಆಲ್-ಸ್ಟಾರ್, ಮೂರು ಬಾರಿ ವರ್ಷದ ಶ್ರೇಷ್ಠ ರಕ್ಷಣಾ ಆಟಗಾರನಾದವರು ಜವೇಲ್ ಮೆಗೀ ಅವರ ಹಿಂದೆ ಬೆಂಚಿನಿಂದ ಇಳಿದು ರಾತ್ರಿಗೆ ಸುಮಾರು 19 ನಿಮಿಷ ಆಡಿದರು. ಪ್ಲೇಆಫ್‌ನಲ್ಲಿ ಡೆನ್ವರ್ ಎದುರಾದಾಗ ಅದರ ಸೆಂಟರ್ ನಿಕೊಲಾ ಯೊಕಿಚ್ ಅವರನ್ನು ಮೈಗೆ ಮೈ ಕೊಟ್ಟು ತಡೆಯುವ ಕೆಲಸ ಅವರ ಪಾಲಿಗೆ ಬಂತು. 2020ರ ಅಕ್ಟೋಬರ್‌ನಲ್ಲಿ ಲೇಕರ್ಸ್ ಪ್ರಶಸ್ತಿ ಗೆದ್ದ ಕೊನೆಯ ಪಂದ್ಯದಲ್ಲಿ, ಅಷ್ಟರಲ್ಲಿ ಆರಂಭಿಕ ಐವರಲ್ಲಿ ಸೇರಿದ್ದ ಅವರನ್ನು ಆ ಐವರಿಂದ ಕೈಬಿಟ್ಟು ಚಿಕ್ಕ ಆಳುಗಳ ತಂಡವನ್ನು ಇಳಿಸಲಾಯಿತು. 2023ರಲ್ಲಿ ಡೆನ್ವರ್ ಗೆದ್ದಾಗಲೂ ಹೀಗೆಯೇ. ಯೊಕಿಚ್ ಕುಳಿತಾಗ ಪ್ಲೇಆಫ್‌ನಲ್ಲಿ ಹೆಚ್ಚಾಗಿ ಸೆಂಟರ್ ಜಾಗ ತುಂಬಿದವರು ಸೆಂಟರ್‌ಗಿಂತ ಚಿಕ್ಕ ಆಳುಗಳು ಆಡುವ ಫಾರ್ವರ್ಡ್ ಸ್ಥಾನದ ಆ್ಯರನ್ ಗಾರ್ಡನ್, ಜೆಫ್ ಗ್ರೀನ್. ಹಿರಿಯ ಸೆಂಟರ್ ಡಿಆಂಡ್ರೆ ಜೋರ್ಡನ್ ಬಹುತೇಕ ಬೆಂಚಿನಲ್ಲೇ ಇದ್ದರು, ಮತ್ತು ಮುಂದಿನ ವರ್ಷವೂ ತಂಡ ಅವರನ್ನು ಉಳಿಸಿಕೊಂಡಿತು. ಏಪ್ರಿಲ್‌ವರೆಗೆ ದುಡಿಸಿಕೊಂಡು ಮೇ ತಿಂಗಳಲ್ಲಿ ಕೂರಿಸಿದರೆ ಮುಖ ಸಿಂಡರಿಸದೆ ಇರಬಲ್ಲವರು ಬಹಳ ಇಲ್ಲ. ನಾವು ವಿಚಾರಿಸಿದ ಹಿರಿಯರ ಬಗ್ಗೆ ಹಿಂದಿನ ತಂಡದ ಒಬ್ಬ ಸಹಾಯಕರು ಹೇಳಿದ ಮಾತು ನನ್ನ ವರದಿಯಲ್ಲಿ ಮೊದಲ ಸಾಲಾಯಿತು: "ಆಡದ ಮರುದಿನ ನಮ್ಮ ಎಳೆಯ ಸೆಂಟರ್‌ನನ್ನು ಕರೆದುಕೊಂಡು ನನಗಿಂತ ಮೊದಲು ಜಿಮ್‌ನಲ್ಲಿರುತ್ತಿದ್ದರು."

ಜೂನ್ 30ರ ಸಂಜೆ ಆರಕ್ಕೆ ಇತರ ತಂಡಗಳ ಫ್ರೀ ಏಜೆಂಟ್‌ಗಳೊಂದಿಗೆ, ಅಂದರೆ ಒಪ್ಪಂದ ಮುಗಿದ ಆಟಗಾರರೊಂದಿಗೆ, ಮಾತುಕತೆಗೆ ಬಾಗಿಲು ತೆರೆಯುತ್ತದೆ. ದೊಡ್ಡ ಹಣವೆಲ್ಲ ಮೊದಲ ಒಂದೆರಡು ದಿನಗಳಲ್ಲಿ ಖಾಲಿ. ಕನಿಷ್ಠ ವೇತನದ ಹಿರಿಯರ ಸರದಿ ಬರುವುದು ಆ ಗದ್ದಲ ಇಳಿದ ಮೇಲೆ. ಜುಲೈ ನಡುವಿನಲ್ಲಿ ಇಬ್ಬರನ್ನೂ ಅಭ್ಯಾಸಕ್ಕೆ ಕರೆಸಿದೆವು. ಎಸೆತದ ಪರೀಕ್ಷೆ ಮಾಡಲಿಲ್ಲ. ನಮ್ಮ ಬೆಂಚಿನ ಗಾರ್ಡ್ ಗಿಡ್ಡ ಆಳು, ಒಳ್ಳೆಯ ಸ್ಕ್ರೀನ್ ಇಲ್ಲದೆ ಅವರಿಗೆ ದಾರಿ ಸಿಗದು; ಅವರೊಂದಿಗೇ ಸ್ಕ್ರೀನ್ ಹಾಕಿಸಿದೆವು, ಉಸಿರು ಕಟ್ಟುವವರೆಗೆ. ಹಿರಿಯರು ಕೊನೆಯ ಕ್ಷಣದಲ್ಲಿ ಹಿಮ್ಮಡಿ ತಿರುಗಿಸಿ ಸ್ಕ್ರೀನ್‌ನ ಕೋನ ಬದಲಿಸುತ್ತಿದ್ದರು. ಬೆನ್ನಟ್ಟುವ ಆಟಗಾರನಿಗೆ ಅದರ ಮುಂದಿನಿಂದಲೂ ದಾಟಲಾಗದು, ಹಿಂದಿನಿಂದಲೂ ದಾಟಲಾಗದು. ನಮ್ಮ ಗಾರ್ಡ್ ಬೆವರು ಒರೆಸಿಕೊಳ್ಳುತ್ತಾ ನನ್ನ ಬಳಿ ಬಂದು "ಇವರನ್ನು ಕಳಿಸಬೇಡಿ" ಎಂದರು.

ವೈದ್ಯರ ವರದಿ ಅಷ್ಟು ಸಲೀಸಾಗಿರಲಿಲ್ಲ. ಎಡ ಮೊಣಕಾಲಿನ ಮೃದ್ವಸ್ಥಿ ಸವೆದಿತ್ತು. ಸತತ ಎರಡು ರಾತ್ರಿ ತಲಾ 25 ನಿಮಿಷ ಆಡಿಸಬೇಡಿ ಎಂಬ ಷರತ್ತಿನ ಮೇಲೆ ಒಪ್ಪಿಗೆ ಕೊಟ್ಟರು.

ಕೊನೆಯ ಸಭೆಯಲ್ಲಿ ಅಂಕಿಅಂಶ ವಿಭಾಗದ ನನ್ನ ಸಹೋದ್ಯೋಗಿ ಕಿರಿಯರ ಪರವಾಗಿ ಚೆನ್ನಾಗಿ ವಾದಿಸಿದರು. ದೂರದಿಂದ ಎಸೆಯುವ ಸೆಂಟರ್ ಇದ್ದರೆ ಎದುರಾಳಿಯ ಸೆಂಟರ್ ಬುಟ್ಟಿ ಬಿಟ್ಟು ಹೊರಗೆ ಬರಲೇಬೇಕು, ನಮ್ಮ ಗಾರ್ಡ್‌ಗೆ ಒಳದಾರಿ ತೆರೆಯುತ್ತದೆ ಎಂದರು. ಸರಿಯಾದ ಮಾತೇ. ನಾನು ರಕ್ಷಣೆಯ ತುಣುಕುಗಳನ್ನು ತೋರಿಸಿದೆ. ಮುಖ್ಯ ತರಬೇತುದಾರರು ಎರಡನ್ನೂ ಕೇಳಿ, "ಇವರು ಇಳಿದಾಗ ಗಾರ್ಡ್‌ಗಳಿಗೆ ನಾನು ಹೊಸದಾಗಿ ಏನಾದರೂ ಹೇಳಬೇಕೇ?" ಎಂದು ಕೇಳಿದರು. ಹಿರಿಯರಾದರೆ ಏನೂ ಬೇಡ ಎಂದೆ. ಚರ್ಚೆ ಅಲ್ಲಿಗೆ ಮುಗಿಯಿತು.

ಏಜೆಂಟ್ ಜೊತೆಗಿನ ಮಾತುಕತೆಗೆ ಆಟಗಾರರೂ ಬಂದಿದ್ದರು. "ಎಷ್ಟು ಆಡಿಸುತ್ತೀರಿ ಎನ್ನುವುದು ಇರಲಿ, ಯಾವಾಗ ಆಡಿಸುವುದಿಲ್ಲ ಎಂದು ಮೊದಲು ಹೇಳಿ" ಎಂದರು. ಐವರೂ ದೂರದಿಂದ ಎಸೆಯಬಲ್ಲ ತಂಡಗಳ ವಿರುದ್ಧ ಪ್ಲೇಆಫ್‌ನಲ್ಲಿ ನಿಮ್ಮನ್ನು ಕೂರಿಸುವ ಸಾಧ್ಯತೆ ಹೆಚ್ಚು ಎಂದು ತರಬೇತುದಾರರು ನೇರವಾಗಿಯೇ ಹೇಳಿದರು. ಮರುದಿನ ಸಹಿಯಾಯಿತು.

ಡಿಸೆಂಬರ್‌ನಲ್ಲಿ ಮುಖ್ಯ ಸೆಂಟರ್‌ನ ಪಾದದ ಕೀಲು ಉಳುಕಿ ಕೆಲವು ವಾರ ಹೊರಗುಳಿದರು. ಬದಲಿ ಹಿರಿಯರು ಆರಂಭಿಕ ಐವರಲ್ಲಿ ಇಳಿದರು. ನಮ್ಮ ಅಂಕಗಳು ಕಡಿಮೆಯಾದವು, ಅದು ನಿರೀಕ್ಷಿತವೇ. ಆದರೆ ಗಾರ್ಡ್‌ಗಳು ಎಂದಿನಂತೆಯೇ ಬೆನ್ನಟ್ಟಿದರು, ಮೂಲೆಯಲ್ಲಿ ನಿಲ್ಲುವವರು ತಮ್ಮ ಜಾಗ ಬಿಡಲಿಲ್ಲ, ಎದುರಾಳಿಗಳಿಗೆ ಬುಟ್ಟಿಯ ಬಳಿ ಸುಲಭದ ಎಸೆತಗಳು ಹೆಚ್ಚಲಿಲ್ಲ. ಟೂ-ವೇ ಒಪ್ಪಂದದ ನಮ್ಮ ಹುಡುಗ ಆ ದಿನಗಳಲ್ಲಿ ಬದಲಿಯಾಗಿ ಇಳಿದು, ಸ್ಕ್ರೀನ್ ಬರುವ ಮೊದಲೇ ಕೂಗಲು ಶುರುಮಾಡಿದ್ದ. ಜನವರಿ 10ಕ್ಕೆ ಹಿರಿಯರ ಒಪ್ಪಂದ ಪೂರ್ತಿ ಖಾತರಿಯಾಯಿತು. ಫೆಬ್ರುವರಿಯಲ್ಲಿ ತಂಡಗಳ ನಡುವಿನ ಆಟಗಾರರ ವಿನಿಮಯದ ಗಡುವಿಗೆ ಮುಂಚೆ ನಾನು ತಯಾರಿಸಿದ್ದ ಬೇಕಾದ ಸ್ಥಾನಗಳ ಪಟ್ಟಿಯಲ್ಲಿ ಸೆಂಟರ್ ಎಂಬ ಸಾಲನ್ನು ತರಬೇತುದಾರರೇ ಹೊಡೆದುಹಾಕಿದರು. ಆ ವಾರವನ್ನೆಲ್ಲ ನಾವು ಫಾರ್ವರ್ಡ್ ಒಬ್ಬರನ್ನು ಹುಡುಕುವುದಕ್ಕೆ ಕೊಟ್ಟೆವು.