ಗ್ರೀಸ್‌ನ ದ್ವೀಪಕ್ಕೆ ಹೋಗಿ ಒಂದು ವಾರ ಆರಾಮಾಗಿ ಕೂತು ಬರೋದು ಹೇಗೆ?

ಗ್ರೀಸ್ ಟೂರ್ ಅಂದ ತಕ್ಷಣ ನಮ್ಮವರು ಹಾಕೋ ಪ್ಲ್ಯಾನ್ ಹೆಚ್ಚುಕಮ್ಮಿ ಒಂದೇ ಥರ. ಅಥೆನ್ಸ್ ಎರಡು ದಿನ, ಮಿಕೊನೋಸ್ ಎರಡು ದಿನ, ಸ್ಯಾಂಟೊರಿನಿ ಎರಡು ದಿನ, ಟೈಮ್ ಉಳಿದ್ರೆ ಕ್ರೀಟ್. ಕೇಳೋಕೆ ಚೆನ್ನಾಗಿದೆ, ಆದ್ರೆ ಒಂದು ದ್ವೀಪದಿಂದ ಇನ್ನೊಂದಕ್ಕೆ ಹೋಗೋದು ಅಂದ್ರೆ ಬೆಳಿಗ್ಗೆ ರೂಮ್ ಖಾಲಿ ಮಾಡಿ, ಸೂಟ್‌ಕೇಸ್ ಎಳ್ಕೊಂಡು ಬಂದರಿಗೆ ಬಂದು, ಬಿಸಿಲಲ್ಲಿ ಹಡಗಿಗೆ ಕಾದು, ಆ ಕಡೆ ಇಳಿದು, ಹೊಸ ಹೋಟೆಲ್‌ನವರು ರೂಮ್ ಕೊಡೋ ತನಕ ಎಲ್ಲೋ ಕಾಫಿ ಕುಡೀತಾ ಕೂತ್ಕೊಂಡು, ಅಷ್ಟರಲ್ಲಿ ಅರ್ಧ ದಿನ ಹೋಗಿರತ್ತೆ. ಮೂರು ದ್ವೀಪ ಅಂದ್ರೆ ಇದನ್ನ ಮೂರು ಸಲ ಮಾಡ್ಬೇಕು. ಫೋಟೋ ಸಿಗತ್ತೆ, ರೆಸ್ಟ್ ಸಿಗಲ್ಲ. ರೆಸ್ಟೇ ಬೇಕು ಅನ್ನೋರಿಗೆ ನಾನು ಹೇಳೋದಿಷ್ಟೆ, ಒಂದೇ ದ್ವೀಪ, ಏಳು ರಾತ್ರಿ, ಒಂದೇ ರೂಮ್. ತಲೆ ಕೆಡಿಸ್ಕೊಳ್ಳೋದೆಲ್ಲ ಹೊರಡೋ ಮುಂಚೆ ಮುಗಿಸಿಬಿಡಿ.

ಮೊದ್ಲು ದ್ವೀಪ ಆರಿಸ್ಕೊಳ್ಳಿ

ಸ್ಯಾಂಟೊರಿನಿ ನೋಡೋಕೆ ಅದ್ಭುತ, ಅದ್ರಲ್ಲಿ ಎರಡು ಮಾತಿಲ್ಲ. ಆದ್ರೆ ಅದು ಜ್ವಾಲಾಮುಖಿ ಸಿಡಿದು ಉಳಿದ ಬಂಡೆಯ ಅಂಚು, ಬೀಚ್‌ಗಳಲ್ಲಿ ಇರೋದು ಕರಿ ಮರಳು ಮತ್ತೆ ಕಲ್ಲು, ಅದು ಬಿಸಿಲಿಗೆ ಕಾದು ಕಾಲು ಸುಡತ್ತೆ. ದಿನಾ ಕ್ರೂಸ್ ಹಡಗುಗಳು ಬಂದು ಸಾವಿರಾರು ಜನರನ್ನ ಇಳಿಸಿ ಹೋಗ್ತವೆ, ಸಂಜೆ ಇಯಾ ಊರಲ್ಲಿ ಸೂರ್ಯಾಸ್ತ ನೋಡೋಕೆ ನಿಲ್ಲೋಕೂ ಜಾಗ ಇರಲ್ಲ. ಮಿಕೊನೋಸ್ ಪಾರ್ಟಿ ಮಾಡೋರ ಜಾಗ, ರೇಟೂ ಹಾಗೇ. ಊಟಕ್ಕೋಸ್ಕರವೇ ಹೋಗೋದಾದ್ರೆ ಸಿಫ್ನೋಸ್ ಒಳ್ಳೇದು, ನಡೆಯೋಕೆ ಇಷ್ಟ ಇದ್ರೆ ಅಮೊರ್ಗೋಸ್.

ಮೊದಲ ಸಲ ಹೋಗೋರಿಗೆ ನನ್ನ ಓಟು ನಾಕ್ಸೊಸ್‌ಗೆ. ಸೈಕ್ಲಡೀಸ್ ಅನ್ನೋ ದ್ವೀಪಗಳ ಗುಂಪಲ್ಲಿ ಇದೇ ದೊಡ್ಡದು, ಸುಮಾರು 430 ಚದರ ಕಿಲೋಮೀಟರ್. ಮಧ್ಯದಲ್ಲಿ ಝಾಸ್ ಅನ್ನೋ ಬೆಟ್ಟ, ಸಾವಿರ ಮೀಟರ್‌ಗಿಂತ ಒಂಚೂರು ಜಾಸ್ತಿ ಎತ್ತರ, ಅದ್ರಿಂದ ಸುತ್ತಮುತ್ತಲಿನ ದ್ವೀಪಗಳಿಗಿಂತ ಇಲ್ಲಿ ನೀರು ಜಾಸ್ತಿ, ಹಾಗಾಗಿ ವ್ಯವಸಾಯ ಇದೆ, ಆಲೂಗಡ್ಡೆ ಬೆಳೀತಾರೆ, ದನ ಕುರಿ ಸಾಕ್ತಾರೆ, ಚೀಸ್ ಮಾಡ್ತಾರೆ. ಟೂರಿಸ್ಟ್ ಬರದಿದ್ರೂ ಬದುಕೋ ಊರು. ಟೂರಿಸ್ಟನ್ನೇ ನಂಬ್ಕೊಂಡಿರೋ ದ್ವೀಪಕ್ಕೂ ಇದಕ್ಕೂ ಇರೋ ವ್ಯತ್ಯಾಸ ಹೋಟೆಲ್ ಬಿಲ್ ನೋಡಿದಾಗ ತಾನಾಗೇ ಗೊತ್ತಾಗತ್ತೆ. ಜೊತೆಗೆ ಪಶ್ಚಿಮ ತೀರದಲ್ಲಿ ಒಂದಾದ ಮೇಲೊಂದು ಒಳ್ಳೇ ಮರಳಿನ ಬೀಚ್.

ಯಾವಾಗ ಹೋಗೋದು

ಸೆಪ್ಟೆಂಬರ್. ಕಾರಣ ಇದೆ. ಜುಲೈ ಆಗಸ್ಟ್‌ನಲ್ಲಿ ಮೆಲ್ಟೆಮಿ ಅಂತ ಉತ್ತರದ ಗಾಳಿ ಬೀಸತ್ತೆ, ಆಕಾಶ ತಿಳಿಯಾಗಿರತ್ತೆ ಆದ್ರೆ ಗಾಳಿ ಮರಳು ಎತ್ತಿ ಮುಖಕ್ಕೆ ಹೊಡಿಯತ್ತೆ, ಜೋರಾದ್ರೆ ಹಡಗುಗಳೇ ನಿಂತೋಗತ್ತೆ. ಆಗಸ್ಟ್ 15 ಮೇರಿಮಾತೆ ಹಬ್ಬ, ಆ ವಾರ ಇಡೀ ಗ್ರೀಸೇ ರಜೆ ಮೇಲೆ ದ್ವೀಪಗಳಲ್ಲಿರತ್ತೆ, ರೂಮ್ ಸಿಕ್ಕೋದೇ ಕಷ್ಟ. ಮೇ ತಿಂಗಳು ಹಸಿರಾಗಿರತ್ತೆ, ಜನ ಕಮ್ಮಿ, ಆದ್ರೆ ಸಮುದ್ರ ಇನ್ನೂ ತಣ್ಣಗಿರತ್ತೆ, ಮಲ್ಪೆ ಗೋಕರ್ಣದ ನೀರಲ್ಲಿ ಆಡಿದೋರು ಕಾಲಿಟ್ಟು ವಾಪಸ್ ಬಂದ್ಬಿಡ್ತಾರೆ. ಸೆಪ್ಟೆಂಬರ್‌ನಲ್ಲಿ ಬೇಸಿಗೆ ಪೂರ್ತಿ ಕಾದ ನೀರು 24 ಡಿಗ್ರಿ ಆಸುಪಾಸು ಇರತ್ತೆ, ಮಕ್ಕಳಿರೋ ಯುರೋಪಿನ ಕುಟುಂಬಗಳು ಸ್ಕೂಲ್ ಶುರು ಅಂತ ವಾಪಸ್ ಹೋಗಿರ್ತಾರೆ, ರೇಟ್ ಇಳಿದಿರತ್ತೆ. ನಮ್ಮ ಮಕ್ಕಳಿಗೂ ಸ್ಕೂಲ್ ಇರತ್ತಲ್ಲ ಅಂದ್ರೆ ದಸರಾ ರಜೆ ಯಾವಾಗ ಬರತ್ತೆ ನೋಡ್ಕೊಳ್ಳಿ, ಅಕ್ಟೋಬರ್ ಮೊದಲ ಎರಡು ವಾರಾನೂ ನಡಿಯತ್ತೆ. ಅಕ್ಟೋಬರ್ ಕೊನೆ ಹೊತ್ತಿಗೆ ಬೀಚ್ ಪಕ್ಕದ ಹೋಟೆಲ್‌ಗಳು ಬಾಗಿಲು ಹಾಕ್ಕೊಳ್ತವೆ.

ವೀಸಾ, ಬೇಗ ಬೇಗ

ಬೇಕಿರೋದು ಶೆಂಗೆನ್ ವೀಸಾ, ಅಂದ್ರೆ ಯುರೋಪಿನ ಹಲವು ದೇಶಗಳಿಗೆ ಸೇರಿ ಒಂದೇ ವೀಸಾ. ಪ್ರಯಾಣಕ್ಕೆ 6 ತಿಂಗಳ ಮುಂಚೆಯಿಂದ ಅರ್ಜಿ ಹಾಕಬಹುದು, ಕನಿಷ್ಠ 15 ದಿನ ಮುಂಚೆ ಹಾಕಲೇಬೇಕು. ಕೊನೆ ಗಳಿಗೆವರೆಗೂ ಕಾಯ್ಬೇಡಿ, ಸೀಸನ್‌ನಲ್ಲಿ ಅಪಾಯಿಂಟ್‌ಮೆಂಟೇ ಸಿಗಲ್ಲ. ದೊಡ್ಡವರಿಗೆ ಫೀಸ್ 90 ಯುರೋ, 6ರಿಂದ 11 ವರ್ಷದ ಮಕ್ಕಳಿಗೆ 45, ಮೇಲೆ ವೀಸಾ ಸೆಂಟರ್‌ನವರ ಸರ್ವಿಸ್ ಚಾರ್ಜ್. ಇನ್ಶೂರೆನ್ಸ್ ಕನಿಷ್ಠ 30,000 ಯುರೋ ಕವರ್ ಇರೋದೇ ಆಗ್ಬೇಕು. ಬ್ಯಾಂಕ್ ಸ್ಟೇಟ್‌ಮೆಂಟ್, ಐಟಿ ರಿಟರ್ನ್, ಆಫೀಸಿನ ರಜೆ ಪತ್ರ ಇವೆಲ್ಲ ಗೊತ್ತಿರೋದೆ. ಹೋಟೆಲ್ ಮಾತ್ರ ಕ್ಯಾನ್ಸಲ್ ಮಾಡಿದ್ರೆ ದುಡ್ಡು ವಾಪಸ್ ಬರೋ ಥರದ್ದೇ ಬುಕ್ ಮಾಡಿ. ಜರ್ಮನಿ, ನೆದರ್ಲೆಂಡ್ಸ್ ಕಡೆ ರೆಸಿಡೆನ್ಸ್ ಪರ್ಮಿಟ್ ಇಟ್ಕೊಂಡು ಕೆಲಸ ಮಾಡ್ತಿರೋ ಕನ್ನಡಿಗರಿಗೆ ಈ ತಲೆನೋವಿಲ್ಲ, ಪರ್ಮಿಟ್ ಪಾಸ್‌ಪೋರ್ಟ್ ಜೇಬಲ್ಲಿಟ್ಕೊಂಡು ಹೊರಟ್ರೆ ಆಯ್ತು.

ಬೆಂಗಳೂರಿಂದ ದೋಹಾ, ದುಬೈ ಇಲ್ಲಾ ಅಬುಧಾಬಿ ಮೇಲೆ ಅಥೆನ್ಸ್ ತಲುಪಬಹುದು. ಬೇಸಿಗೆಯಲ್ಲಿ ಗ್ರೀಸ್ ನಮಗಿಂತ ಎರಡೂವರೆ ಗಂಟೆ ಹಿಂದೆ ಅಷ್ಟೆ, ಜೆಟ್‌ಲ್ಯಾಗ್ ಕಾಟ ಹೆಚ್ಚಿಲ್ಲ.

ಹಡಗಲ್ಲೇ ಹೋಗಿ

ಅಥೆನ್ಸ್‌ನಿಂದ ನಾಕ್ಸೊಸ್‌ಗೆ ಚಿಕ್ಕ ವಿಮಾನ ಇದೆ, ಮುಕ್ಕಾಲು ಗಂಟೆ, ಲಗೇಜ್ ತೂಕದ್ದು ಮಾತ್ರ ಚೆಕ್ ಮಾಡ್ಕೊಳ್ಳಿ. ಆದ್ರೂ ನಾನು ಹಡಗೇ ಅಂತೀನಿ, ಯಾಕಂದ್ರೆ ರಜೆ ಅಲ್ಲಿಂದಲೇ ಶುರು ಆಗತ್ತೆ. ಅಥೆನ್ಸ್ ಪಕ್ಕದ ಪಿರೇಯಸ್ ಬಂದರಿಂದ ಎರಡು ಥರದ ಹಡಗು ಹೊರಡತ್ತೆ. ದೊಡ್ಡ ಫೆರ್ರಿ ಐದು ಗಂಟೆ ಚಿಲ್ಲರೆ ತಗೊಳತ್ತೆ, ಫಾಸ್ಟ್ ಬೋಟ್ ಮೂರೂವರೆಯಿಂದ ನಾಲ್ಕು. ಎಲ್ರೂ ಫಾಸ್ಟ್ ಬುಕ್ ಮಾಡ್ತಾರೆ, ನೀವು ಮಾಡ್ಬೇಡಿ. ಫಾಸ್ಟ್ ಬೋಟಲ್ಲಿ ಬಸ್ಸಲ್ಲಿ ಕೂತಂಗೆ ಒಳಗೇ ಕೂತಿರ್ಬೇಕು, ಗಾಳಿ ಎದ್ರೆ ಕುಲುಕಾಟ ಜಾಸ್ತಿ, ವಾಂತಿ ಕವರ್ ಕೈಕೈ ಬದಲಾಗ್ತಿರತ್ತೆ, ಟಿಕೆಟ್ಟೂ ದುಬಾರಿ, ಗಾಳಿಗೆ ಮೊದ್ಲು ಕ್ಯಾನ್ಸಲ್ ಆಗೋದೂ ಅದೇ. ದೊಡ್ಡ ಹಡಗಲ್ಲಿ ಮೇಲೆ ಡೆಕ್ ಇದೆ, ಕೆಫೆ ಇದೆ, ಕಾಲು ಚಾಚ್ಕೊಂಡು ಒಂದೊಂದೇ ದ್ವೀಪ ಹತ್ತಿರ ಬಂದು ದೂರ ಹೋಗೋದು ನೋಡ್ಬಹುದು.

ಹಡಗು ಹತ್ತೋದು ಹಿಂಬದಿಯ ದೊಡ್ಡ ಬಾಗಿಲಿಂದ, ಲಾರಿ ಕಾರುಗಳ ಪಕ್ಕದಲ್ಲೇ. ಅಲ್ಲೇ ಕೆಳಗೆ ಲಗೇಜ್ ಇಡೋಕೆ ಸ್ಟ್ಯಾಂಡ್ ಇರತ್ತೆ, ಮೇಲೆ ದ್ವೀಪದ ಹೆಸರು ಬರೆದಿರತ್ತೆ, ನಿಮ್ಮ ದ್ವೀಪದ ಸ್ಟ್ಯಾಂಡಲ್ಲೇ ಇಡಿ, ಪಾಸ್‌ಪೋರ್ಟ್ ದುಡ್ಡು ಜೊತೇಲೇ ಇರ್ಲಿ. ಸಾಮಾನ್ಯವಾಗಿ ನಾಕ್ಸೊಸ್‌ಗೆ ಮುಂಚೆ ಪಾರೊಸ್ ಬರತ್ತೆ, ಪಾರೊಸ್ ಬಿಟ್ಟ ತಕ್ಷಣ ಎದ್ದು ಕೆಳಗೆ ಬಂದು ರೆಡಿಯಾಗಿ, ಯಾಕಂದ್ರೆ ಹಡಗು ನಿಲ್ಲೋದು ಕೆಲವೇ ನಿಮಿಷ. ಬಂದರಿಗೆ ಬರ್ತಿದ್ದಂಗೆ ಎಡಗಡೆ ಗುಡ್ಡದ ತುದೀಲಿ ಒಂದು ಅಮೃತಶಿಲೆಯ ದೊಡ್ಡ ಬಾಗಿಲು ಒಂಟಿಯಾಗಿ ನಿಂತಿರತ್ತೆ, ಅದೇ ಪೊರ್ತಾರ. ಕ್ರಿಸ್ತಪೂರ್ವ 6ನೇ ಶತಮಾನದಲ್ಲಿ ಅಪೊಲೊ ದೇವಸ್ಥಾನ ಕಟ್ಟೋಕೆ ಶುರು ಮಾಡಿ ಅರ್ಧಕ್ಕೆ ಬಿಟ್ಟಿದ್ದು. ದೇವಸ್ಥಾನ ಇಲ್ಲ, ಬಾಗಿಲು ಮಾತ್ರ ಇದೆ.

ಅಥೆನ್ಸ್ ಏರ್‌ಪೋರ್ಟ್‌ನಿಂದ ಪಿರೇಯಸ್‌ಗೆ ಮೆಟ್ರೋ 3ನೇ ಲೈನ್ ನೇರ ಹೋಗತ್ತೆ, 2022ರಿಂದ ರೈಲು ಬದಲಾಯಿಸೋ ಗೋಳಿಲ್ಲ, ಒಂದು ಗಂಟೆ ಹತ್ತಿರ. ರಾತ್ರಿ ಇಳಿದ್ರೆ ಎಕ್ಸ್96 ಬಸ್ ಇದೆ, 24 ಗಂಟೆನೂ ಓಡತ್ತೆ. ವಿಮಾನ ಇಳಿದ ದಿನಾನೇ ಹಡಗು ಹಿಡಿಯೋ ಹಾಗಿದ್ರೆ ಮಧ್ಯೆ ಕನಿಷ್ಠ ನಾಲ್ಕೈದು ಗಂಟೆ ಬಿಡಿ.

ರೂಮ್ ಎಲ್ಲಿ ಮಾಡೋದು

ಅಪ್ಪ ಅಮ್ಮ, ಚಿಕ್ಕ ಮಕ್ಕಳು ಜೊತೇಲಿದ್ರೆ ಖೋರಾ ಅನ್ನೋ ಮುಖ್ಯ ಊರಿಗೆ ಅಂಟ್ಕೊಂಡೇ ಇರೋ ಅಗಿಯೋಸ್ ಯೊರ್ಗಿಯೋಸ್ ಬೀಚ್ ಹತ್ರ ಮಾಡಿ. ನೀರು ತುಂಬಾ ದೂರದವರೆಗೂ ಮೊಣಕಾಲು ಮಟ್ಟ, ಈಜು ಬರದೇ ಇರೋರಿಗೆ ಹೇಳಿ ಮಾಡ್ಸಿದ್ದು, ನಮ್ಮಲ್ಲಿ ಈಜು ಬರೋರು ಎಷ್ಟು ಜನ ಇದ್ದಾರೆ ಹೇಳಿ. ಇಬ್ಬರೇ ಆದ್ರೆ ಅಗಿಯಾ ಆನ್ನಾ ಇಲ್ಲಾ ಪ್ಲಾಕಾ. ಪ್ಲಾಕಾ ಉದ್ದಕ್ಕೆ ಹರಡಿರೋ ಬೀಚ್, ಸೆಪ್ಟೆಂಬರ್‌ನಲ್ಲಿ ಒಂದು ಮೂಲೆ ನಿಮ್ಮದೇ ಅನ್ನೋ ಥರ ಸಿಗತ್ತೆ. ಮಿಕ್ರಿ ವಿಗ್ಲಾ ಕಡೆ ವಿಂಡ್‌ಸರ್ಫಿಂಗ್ ಮಾಡೋರು ಹೋಗ್ತಾರೆ, ಅಂದ್ರೆ ಅಲ್ಲಿ ಗಾಳಿ ಇದೆ ಅಂತ ಅರ್ಥ ಮಾಡ್ಕೊಳ್ಳಿ.

ದೊಡ್ಡ ರೆಸಾರ್ಟ್ ಬೇಡ, ಸ್ಟುಡಿಯೋ ಅಂತಾರಲ್ಲ, ಒಂದು ಪುಟ್ಟ ಅಡುಗೆ ಒಲೆ, ಫ್ರಿಜ್, ಬಾಲ್ಕನಿ ಇರೋದು, ಅದು ತಗೊಳ್ಳಿ. ಬಾಡಿಗೆ ಮೇಲೆ ಸರ್ಕಾರದ ಟ್ಯಾಕ್ಸ್ ರಾತ್ರಿಗಿಷ್ಟು ಅಂತ ಬೇರೆ ಇದೆ, ಹೋಟೆಲ್‌ಗೆ ಸ್ಟಾರ್ ಜಾಸ್ತಿ ಆದಷ್ಟೂ ಅದೂ ಜಾಸ್ತಿ, ಬುಕ್ ಮಾಡೋವಾಗ ರೇಟಲ್ಲಿ ಸೇರಿರಲ್ಲ ಎಷ್ಟೋ ಸಲ, ಮುಂಚೆನೇ ಕೇಳಿ. ಬಾತ್‌ರೂಮಲ್ಲಿ ಟಿಶ್ಯೂ ಪೇಪರ್‌ನ ಕಮೋಡ್‌ಗೆ ಹಾಕಂಗಿಲ್ಲ, ಪಕ್ಕದ ಡಬ್ಬಿಗೆ ಹಾಕ್ಬೇಕು, ಪೈಪ್ ಸಣ್ಣ. ಎಲ್ಲಾ ಕಡೆ ಬೋರ್ಡ್ ಹಾಕಿರ್ತಾರೆ, ಗಾಬರಿ ಆಗ್ಬೇಡಿ.

ಊಟದ್ದು ಹೇಗೆ

ಇದು ನಮ್ಮವರ ದೊಡ್ಡ ಚಿಂತೆ, ನಿಜ ಹೇಳ್ಬೇಕಂದ್ರೆ ಯುರೋಪಲ್ಲಿ ಸಸ್ಯಾಹಾರಿಗಳಿಗೆ ಗ್ರೀಸ್‌ನಷ್ಟು ಸುಲಭದ ದೇಶ ಕಮ್ಮಿ. ಅವರ ಚರ್ಚಿನ ಉಪವಾಸಗಳು ವರ್ಷದಲ್ಲಿ ಎಷ್ಟೊಂದು ದಿನ ಬರತ್ತೆ, ಆಗ ಮಾಂಸ, ಹಾಲು, ಮೊಟ್ಟೆ ಮುಟ್ಟಲ್ಲ, ಹಾಗಾಗಿ ಕಾಳು ತರಕಾರಿ ಅಡುಗೆ ಅವರ ಮನೆಗಳಲ್ಲೇ ಬೆಳೆದು ಬಂದಿದೆ. ಆ ಥರದ ಊಟಕ್ಕೆ ನಿಸ್ತಿಸಿಮಾ ಅಂತಾರೆ, ವೆಜಿಟೇರಿಯನ್ ಅಂದ್ರೆ ಅರ್ಥ ಆಗ್ದೇ ಇರೋ ಅಜ್ಜಿಗೂ ಇದು ಅರ್ಥ ಆಗತ್ತೆ. ಆದ್ರೆ ಸೀಗಡಿ, ಆಕ್ಟೋಪಸ್ ಅವರ ಉಪವಾಸಕ್ಕೆ ನಡಿಯತ್ತೆ, ಅದನ್ನ ಬೇರೆ ಕೇಳ್ಕೊಳ್ಳಿ. ಟೊಮೆಟೊ ಗ್ರೇವಿಲಿ ಬೇಯಿಸಿದ ದೊಡ್ಡ ಬಿಳಿ ಕಾಳು ಗಿಗಾಂಡೆಸ್, ಹಳದಿ ಬೇಳೆ ಗಟ್ಟಿಯಾಗಿ ಅರೆದ ಫಾವಾ, ಬದನೆ ಆಲೂಗಡ್ಡೆ ಸೇರಿಸಿ ಓವನ್‌ನಲ್ಲಿ ಮಾಡೋ ಬ್ರಿಯಾಮ್, ಸೊಪ್ಪು ಬೇಯಿಸಿ ನಿಂಬೆಹಣ್ಣು ಹಿಂಡಿದ ಹೋರ್ತಾ. ಅನ್ನ ತುಂಬಿದ ಟೊಮೆಟೊ ಗೆಮಿಸ್ತಾ ಸಿಕ್ಕಾಪಟ್ಟೆ ಚೆನ್ನಾಗಿರತ್ತೆ, ಕೀಮಾ ಹಾಕಿದೀರಾ ಅಂತ ಕೇಳಿ ತಗೊಳ್ಳಿ. ನಾಕ್ಸೊಸ್ ಆಲೂಗಡ್ಡೆ ಇಡೀ ಗ್ರೀಸಲ್ಲಿ ಫೇಮಸ್, ಅದನ್ನ ಕರಿದು ಮೇಲೆ ಅಲ್ಲಿನ ಗ್ರಾವಿಯೇರಾ ಚೀಸ್ ತುರಿದು ಕೊಟ್ರೆ ಇನ್ನೊಂದು ಪ್ಲೇಟ್ ಬೇಕೇ ಬೇಕು. ಮಡಿ ಗಿಡಿ ಕಟ್ಟುನಿಟ್ಟು ಇರೋರು ಚೀಸ್ ಬಗ್ಗೆ ವಿಚಾರಿಸ್ಬೇಕು, ಎಷ್ಟೋ ಚೀಸಿಗೆ ಹಾಲು ಹೆಪ್ಪುಗಟ್ಟೋಕೆ ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕ್ತಾರೆ.

ಚಟ್ನಿಪುಡಿ, ಅವಲಕ್ಕಿ ಬ್ಯಾಗಲ್ಲಿ ಹಾಕ್ಕೊಳ್ಳಿ. ತುಪ್ಪ, ಪೇಡ, ಪನೀರ್ ಮನೇಲೇ ಬಿಡಿ, ಯುರೋಪಿಯನ್ ಯೂನಿಯನ್ ಒಳಗೆ ಹೊರದೇಶದ ಹಾಲಿನ ಪದಾರ್ಥ, ಮಾಂಸದ ಪದಾರ್ಥ ತರಂಗಿಲ್ಲ. ರಾತ್ರಿ ಊಟ ಅಲ್ಲಿನೋರು ಒಂಬತ್ತರ ಮೇಲೇ ಮಾಡೋದು, ಏಳಕ್ಕೇ ಹೋದ್ರೆ ಇಡೀ ಹೋಟೆಲ್‌ಗೆ ನೀವೊಬ್ರೇ.

ದಿನ ಹೇಗೆ ಕಳಿಯೋದು

ಬೆಳಿಗ್ಗೆ ಬೇಗ ಸಮುದ್ರಕ್ಕೆ ಇಳೀರಿ, ಗಾಳಿ ಏಳೋದು ಸಾಮಾನ್ಯವಾಗಿ ಮಧ್ಯಾಹ್ನದ ಹೊತ್ತಿಗೆ. ಬಂಡೆ ಇರೋ ಕಡೆ ನೀರಲ್ಲಿ ಮುಳ್ಳುಮುಳ್ಳಿನ ಸೀ ಅರ್ಚಿನ್ ಇರತ್ತೆ, ರಬ್ಬರ್ ಶೂ ಹಾಕ್ಕೊಳ್ಳಿ. ಗ್ರೀಸ್‌ನಲ್ಲಿ ಬೀಚ್ ಎಲ್ಲಾ ಸಾರ್ವಜನಿಕರದ್ದು, ಛತ್ರಿ ಕುರ್ಚಿ ಬಾಡಿಗೆ ಕೊಡೋರು ಪೂರ್ತಿ ಜಾಗ ಆಕ್ರಮಿಸ್ಕೊಂಡಿದ್ದಕ್ಕೆ 2023ರಲ್ಲಿ ಪಕ್ಕದ ಪಾರೊಸ್ ಜನ ಟವೆಲ್ ಹಿಡ್ಕೊಂಡು ಬೀಚಲ್ಲೇ ಪ್ರತಿಭಟನೆ ಮಾಡಿದ್ರು, ನೀವೂ ಧೈರ್ಯವಾಗಿ ಟವೆಲ್ ಹಾಸಿ. ಮಧ್ಯಾಹ್ನ 3ರಿಂದ 5.30 ಬೇಸಿಗೆಯಲ್ಲಿ ಗಲಾಟೆ ಮಾಡಬಾರದು ಅನ್ನೋ ಕಾನೂನೇ ಇದೆ, ಅಂದ್ರೆ ಮಲಗೋಕೆ ಸರ್ಕಾರದ್ದೇ ಪರ್ಮಿಷನ್. ಸಂಜೆ ಒಂದು ಫ್ರೆಡ್ಡೊ ಕ್ಯಾಪುಚಿನೊ, ಅಂದ್ರೆ ಐಸ್ ಹಾಕಿದ ಕಾಫಿ, ತಗೊಂಡು ಎರಡು ಗಂಟೆ ಕೂತ್ರೂ ಯಾರೂ ಬಿಲ್ ತಂದು ಎಬ್ಬಿಸಲ್ಲ.

ವಾರದಲ್ಲಿ ಒಂದು ದಿನ, ಹೆಚ್ಚಂದ್ರೆ ಎರಡು ದಿನ, ಕಾರ್ ಬಾಡಿಗೆ ತಗೊಂಡು ಒಳನಾಡಿಗೆ ಹೋಗಿ. ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಬೇಕು, ನಿಮ್ಮ ಆರ್‌ಟಿಒದಲ್ಲೇ ಮಾಡಿಸ್ಕೊಳ್ಳಿ, ಒಂದು ವರ್ಷ ನಡಿಯತ್ತೆ. ಗಾಡಿ ಓಡೋದು ರಸ್ತೆಯ ಬಲಗಡೆ. ನಾಲ್ಕು ಚಕ್ರದ ಕ್ವಾಡ್ ಬೈಕ್ ಎಲ್ಲರೂ ಓಡಿಸ್ತಾರೆ ಅಂತ ಆಸೆ ಆಗತ್ತೆ, ಬೇಡ, ಆ ತಿರುವುಗಳಲ್ಲಿ ಮಗುಚೋದು ಸುಲಭ. ಖಾಲ್ಕಿಯಲ್ಲಿ ನಿಂಬೆ ಜಾತಿಯ ಕಿತ್ರೊ ಗಿಡದ ಎಲೆಯಿಂದ ಲಿಕ್ಕರ್ ಮಾಡೋ 1896ರ ಭಟ್ಟಿ ಇದೆ. ಅಪಿರಾಂಥೊಸ್‌ನಲ್ಲಿ ಬೀದಿಗೂ ಅಮೃತಶಿಲೆ ಹಾಸಿದಾರೆ. ಉತ್ತರದ ತುದಿ ಅಪೊಲೊನಾಸ್‌ನಲ್ಲಿ ಹಳೇ ಕಲ್ಲುಗಣಿಲಿ ಹತ್ತು ಮೀಟರ್‌ಗಿಂತ ಉದ್ದದ ಅರ್ಧ ಕೆತ್ತಿದ ವಿಗ್ರಹ ಮಲಗಿದೆ, ಕಾರ್ಕಳ ಶ್ರವಣಬೆಳಗೊಳ ನೋಡಿದೋರಿಗೆ ಆ ಕೆಲಸ ಯಾವ ಹಂತದಲ್ಲಿ ನಿಂತಿದೆ ಅಂತ ನೋಡ್ತಾ ಕೂರೋಕೆ ಇಷ್ಟ ಆಗತ್ತೆ. ಝಾಸ್ ಬೆಟ್ಟ ಹತ್ತೋದಾದ್ರೆ ಬೆಳಿಗ್ಗೆನೇ, ನೆರಳಿಲ್ಲ. ಕಾರ್ ಇಲ್ಲದ ದಿನ ಬಸ್ಸಿದೆ, ಖೋರಾದಿಂದ ಬೀಚ್‌ಗಳಿಗೆ ಚೆನ್ನಾಗೇ ಓಡತ್ತೆ.

ಕಾರ್ಡ್ ಉಜ್ಜಿದಾಗ ಮಷೀನ್ ರೂಪಾಯಿನಾ ಯುರೋನಾ ಅಂತ ಕೇಳಿದ್ರೆ ಯುರೋ ಒತ್ತಿ, ರೂಪಾಯಿ ಒತ್ತಿದ್ರೆ ಅವರ ರೇಟಲ್ಲಿ ಕನ್ವರ್ಟ್ ಮಾಡಿ ಜಾಸ್ತಿ ಕೀಳ್ತಾರೆ.

ವಾಪಸ್ ಬರೋವಾಗ

ಇದೊಂದನ್ನ ಮಾತ್ರ ಕಡೆಗಣಿಸ್ಬೇಡಿ. ಬೆಂಗಳೂರು ವಿಮಾನ ಇರೋ ದಿನಾನೇ ದ್ವೀಪದಿಂದ ಹೊರಡೋ ಪ್ಲ್ಯಾನ್ ಹಾಕ್ಬೇಡಿ. ಗಾಳಿ ಜೋರಾದ್ರೆ ಬಂದರಿನವರು ಹಡಗು ಬಿಡಲ್ಲ, ಆಗ ಯಾರನ್ನ ಬೈದ್ರೂ ಪ್ರಯೋಜನ ಇಲ್ಲ, ಹಡಗಿನ ಟಿಕೆಟ್ ದುಡ್ಡು ವಾಪಸ್ ಬರತ್ತೆ, ವಿಮಾನದ್ದು ಬರಲ್ಲ. ಒಂದು ದಿನ ಮುಂಚೆನೇ ಹೊರಟು ಕೊನೆ ರಾತ್ರಿ ಅಥೆನ್ಸ್‌ನಲ್ಲಿ ಇರಿ, ಆಕ್ರೊಪೊಲಿಸ್ ನೋಡೋ ಆಸೆನೂ ಆಗ ತೀರ್ಸ್ಕೊಳ್ಳಿ, ಟಿಕೆಟ್‌ನಲ್ಲಿ ಟೈಮ್ ಸ್ಲಾಟ್ ಇರತ್ತೆ ಅದ್ರಿಂದ ಆನ್‌ಲೈನಲ್ಲೇ ಸಂಜೆಯದ್ದು ಬುಕ್ ಮಾಡಿ. ರೂಮ್ ಸಿಂತಾಗ್ಮಾ ಇಲ್ಲಾ ಮೊನಾಸ್ತಿರಾಕಿ ಸ್ಟೇಷನ್ ಹತ್ರ ತಗೊಂಡ್ರೆ ಅದೇ 3ನೇ ಲೈನ್ ಮೆಟ್ರೋ ನೇರ ಏರ್‌ಪೋರ್ಟ್‌ಗೆ ಬಿಡತ್ತೆ. ಆ ಲೈನಲ್ಲಿ ಎಲ್ಲಾ ರೈಲೂ ಏರ್‌ಪೋರ್ಟ್‌ವರೆಗೂ ಹೋಗಲ್ಲ, ಅರ್ಧ ಗಂಟೆಗಿಂತ ಸ್ವಲ್ಪ ಜಾಸ್ತಿಗೊಂದು ಬರತ್ತೆ, ಮುಂದೆ ಬೋರ್ಡ್ ನೋಡಿ ಹತ್ತಿ, ಮಾಮೂಲಿ ಟಿಕೆಟ್ ನಡಿಯಲ್ಲ, ಏರ್‌ಪೋರ್ಟಿಂದೇ ಬೇರೆ ತಗೋಬೇಕು.