ಸವೆದ ಥ್ರಾಟಲ್ ಲಿಂಕೇಜ್‌ಗೆ ಬುಶ್ ಹಾಕಿದ್ದು: ನನ್ನ ಅನುಭವ

ಮಲ್ಪೆಯಲ್ಲಿ ಮೂರು ಮೆಕ್ಯಾನಿಕ್‌ಗಳು ಒಂದೇ ಮಾತು ಹೇಳಿದ್ದರು: "ಲಿಂಕೇಜ್ ಸವೆದರೆ ರಿಪೇರಿ ಇಲ್ಲ, ಸೆಟ್ಟೇ ಹಾಕಿ." ಲಿಂಕೇಜ್ ಅಂದರೆ ವೇಗದ ಹಿಡಿ (ಥ್ರಾಟಲ್) ತಿರುಗಿಸಿದ್ದನ್ನು ಕಾರ್ಬ್ಯುರೇಟರ್‌ಗೆ ಮುಟ್ಟಿಸುವ ಲಿವರ್, ಪಿನ್‌ಗಳ ಜೋಡಣೆ. ನನ್ನ ಭಾವ ಬೇರೆ, "ನಿನ್ನ ಲೇತ್ ಕೆಲಸ ನಡುನೀರಲ್ಲಿ ಕೈ ಕೊಡ್ತದೆ ಮಾರಾಯ" ಅಂತ ನಕ್ಕಿದ್ದರು. ಎರಡು ಮಳೆಗಾಲ ಕಳೆಯಿತು. ನಾನು ಸವೆದ ತೂತಿಗೆ ಕೂರಿಸಿದ ಬುಶ್, ಅಂದರೆ ಸಣ್ಣ ಕೊಳವೆ, ಅದೇ ಉಂಟು.

ನಮ್ಮದು ನಾಡದೋಣಿ, 9.9 ಎಚ್‌ಪಿ ಸೀಮೆಎಣ್ಣೆ ಎಂಜಿನ್. ಹಿಡಿ ಕಾಲು ಸುತ್ತು ತಿರುಗಿಸಿದರೂ ಏನೂ ಆಗುತ್ತಿರಲಿಲ್ಲ, ಆಮೇಲೆ ಒಮ್ಮೆಗೇ ಹಾರುತ್ತಿತ್ತು. ಕೋಡಿ ಬೆಂಗ್ರೆ ಅಳಿವೆಯಲ್ಲಿ ಒಂದು ಸಲ ಹಿಂದಿನಿಂದ ಅಲೆ ಬಂದಾಗ ಸ್ಪೀಡೇ ಹಿಡಿಯಲಿಲ್ಲ. ದೋಣಿ ಅಡ್ಡ ತಿರುಗಿತು. ಆ ದಿನ ಸಿಕ್ಕ ಬಂಗುಡೆಗಿಂತ ಕುಡಿದ ಉಪ್ಪುನೀರೇ ಜಾಸ್ತಿ.

ಮೊದಲು ಎಲ್ಲರೂ ಕಾರ್ಬ್ಯುರೇಟರ್ ಅಂದರು. ಎರಡು ಸಲ ತೊಳೆಸಿದೆ, 800 ಹೋಯಿತು. ಕೇಬಲ್‌ಗೆ ಇನ್ನೊಂದು 650. ಕೊನೆಗೆ ಮುಚ್ಚಳ ತೆಗೆದು, ತಮ್ಮನಿಗೆ ಹಿಡಿ ಮೆಲ್ಲ ತಿರುಗಿಸಲು ಹೇಳಿ, ಟಾರ್ಚ್ ಹಿಡಿದು ಕೂತೆ. ಕೇಬಲ್ ಎಳೆಯಿತು, ಲಿವರ್ ಸುಮ್ನೆ ನಿಂತಿತ್ತು. ಪಿನ್ ತೂತಿನೊಳಗೇ ಆಚೀಚೆ ನಡೆಯುತ್ತಿತ್ತು! 6 ಮಿ.ಮೀ. ತೂತು ಏಳೂವರೆ ಹತ್ತಿರ, ಮೊಟ್ಟೆ ಆಕಾರ. ಅಂಥ ಜಾಗ ಮೂರು. ಮೂರರ ಪ್ಲೇ (ಸಡಿಲ) ಸೇರಿ ಹಿಡಿಗೆ ಬಂದು ಕೂತಿತ್ತು.

ಮೊದಲು ಎಪಾಕ್ಸಿ ತುಂಬಿದೆ. ನಾಲ್ಕು ಟ್ರಿಪ್‌ಗೆ ಉದುರಿತು. ಆಮೇಲೆ ಗನ್‌ಮೆಟಲ್ (ತಾಮ್ರದ ಮಿಶ್ರಲೋಹ) ಬುಶ್, 500 ರೂಪಾಯಿ. ಚಂದ ಕೂತಿತು. ಆದರೆ ಲಿವರ್ ಅಲ್ಯೂಮಿನಿಯಂ, ಮೇಲೆ ಉಪ್ಪುನೀರು. ಬುಶ್ ಸುತ್ತ ಬಿಳಿ ಪುಡಿ ಎದ್ದು, ಸೀಸನ್ ಮುಗಿಯುವಾಗ ಲಿವರ್ರೇ ತಿಂದುಹೋಗಿತ್ತು. ಗುಜರಿಯಿಂದ ಹಳೇ ಲಿವರ್ ತಂದೆ, 600. ಅದರ ತೂತೂ ಸವೆದದ್ದೇ. ಮೂರನೆಯದು ನೈಲಾನ್. ನೈಲಾನ್ ನೀರು ಕುಡಿದು ಉಬ್ಬುತ್ತದೆ ಅಂತ ಯಾರೂ ಹೇಳಿರಲಿಲ್ಲ. ಪಿನ್ ಬಿಗಿದು ಥ್ರಾಟಲ್ ಅರ್ಧದಲ್ಲಿ ಸಿಕ್ಕಿಕೊಂಡಿತು. ದಡಕ್ಕೆ ಬರುವಾಗ ಎಂಜಿನ್ ಆಫ್ ಮಾಡಿ ಹುಟ್ಟು ಹಾಕಿದೆವು.

ಬೈಕಂಪಾಡಿಯ ಲೇತ್‌ನವರು "ಡೆಲ್ರಿನ್ ನೋಡಿ" ಅಂದರು. ಅದೊಂದು ಗಟ್ಟಿ ಪ್ಲಾಸ್ಟಿಕ್, ನೀರು ಹೀರುವುದು ತೀರಾ ಕಡಿಮೆ. ತುಂಡು ರಾಡ್ 120, ಮೂರು ಬುಶ್ ಕಡೆಯಲು 300. ಮೊಟ್ಟೆ ತೂತಿಗೆ ಕೈ ಡ್ರಿಲ್ ಇಡಬೇಡಿ, ಬಿಟ್ ಸವೆದ ಕಡೆಗೇ ಜಾರುತ್ತದೆ. ಲಿವರ್ ಕ್ಲ್ಯಾಂಪ್ ಮಾಡಿ, ಸ್ಟ್ಯಾಂಡ್ ಡ್ರಿಲ್‌ನಲ್ಲಿ ತೂತು 9 ಮಿ.ಮೀ.ಗೆ ದೊಡ್ಡದು ಮಾಡಿದೆ. ಡೆಲ್ರಿನ್‌ಗೆ ಅಂಟು ಹಿಡಿಯುವುದಿಲ್ಲ. ಹಾಗಾದರೆ ಬುಶ್ ಹೊರಗೆ ಬಾರದ ಹಾಗೆ ಏನು ಮಾಡಿದೆ? ಅದು ನನ್ನ ಹತ್ರವೇ ಇರಲಿ. ಒಳಗೆ ಎಷ್ಟು ಸಡಿಲ ಬಿಟ್ಟೆ ಅನ್ನುವುದೂ ಅಷ್ಟೇ.

ಬುಶ್ ಹಾಕಿ ಸ್ಟಾರ್ಟ್ ಮಾಡಿದರೆ ಎಂಜಿನ್ ಕಿರುಚಿತು. ಪ್ಲೇ ಇದ್ದಾಗ ಐಡಲ್ ಸ್ಕ್ರೂ (ಹಿಡಿ ಬಿಟ್ಟಾಗಿನ ಎಂಜಿನ್ ವೇಗ ಹೊಂದಿಸುವ ಸ್ಕ್ರೂ) ಏರಿಸಿ ಏರಿಸಿ ಇಟ್ಟಿದ್ದೆವು, ಅದೇ ಕಾರಣ. ಎರಡು ಸುತ್ತು ಹಿಂದೆ ಬಿಟ್ಟ ಮೇಲೆ ಸರಿಯಾಯಿತು.

ನಡುವೆ ಒಂದು ಹುಚ್ಚೂ ಮಾಡಿದ್ದೆ. ದೋಣಿಯ ಮರಕ್ಕೆ ಬಳಿಯುವ ಬೂತಾಯಿ ಮೀನಿನ ಎಣ್ಣೆಯನ್ನು ಕೇಬಲ್ ಒಳಗೆ ಬಿಟ್ಟೆ. ಒಂದು ವಾರ ಬೆಣ್ಣೆಯ ಹಾಗೆ ಓಡಿತು. ಆಮೇಲೆ ಒಣಗಿ ಹಲಸಿನ ಮೇಣದ ಹಾಗೆ ಹಿಡಿಯಿತು. ಮನೆಯ ಬೆಕ್ಕು ಮಾತ್ರ ಎಂಜಿನ್ ಬಿಟ್ಟು ಕದಲಲಿಲ್ಲ.

ಹೊಸ ಸೆಟ್ಟಿಗೆ ಆರು ಸಾವಿರ ಚಿಲ್ಲರೆ ಹೇಳಿದ್ದರು. ಹಾಳಾದದ್ದೆಲ್ಲ ಸೇರಿ ನನಗೆ ಮೂರು ಸಾವಿರ ದಾಟಿತ್ತು. ಭಾವನಿಗೆ 420 ಅಂತ ಮಾತ್ರ ಹೇಳಿದ್ದೇನೆ.