ದೆವ್ವ ಬರುವುದಕ್ಕೆ ಮೊದಲು: ಚಿತ್ರಕಥೆಯಲ್ಲಿ ಭಯದ ವಾತಾವರಣ ಕಟ್ಟುವ ಬಗೆ

ಹಾರರ್ ಚಿತ್ರಗಳ ಮೊದಲ ಕರಡಿನಲ್ಲಿ 'ಭೀಕರ ರಾತ್ರಿ, ಭಯಾನಕ ಮೌನ, ಮೈ ನಡುಗಿಸುವ ಬಂಗಲೆ' ಎಂಬಂಥ ಸಾಲುಗಳು ಧಾರಾಳವಾಗಿ ಇರುತ್ತವೆ. ಇದನ್ನು ಓದಿದ ಛಾಯಾಗ್ರಾಹಕರಿಗೆ ದೀಪ ಎಲ್ಲಿಡಬೇಕೆಂದು ತಿಳಿಯುವುದಿಲ್ಲ, ಧ್ವನಿ ವಿಭಾಗದವರಿಗೆ ಯಾವ ಸದ್ದು ಬೇಕೆಂದೂ ತಿಳಿಯುವುದಿಲ್ಲ. ಚಿತ್ರಕಥೆಯಲ್ಲಿ ಬರೆಯಬೇಕಾದದ್ದು ಕಣ್ಣಿಗೆ ಕಾಣುವುದನ್ನು ಮತ್ತು ಕಿವಿಗೆ ಕೇಳುವುದನ್ನು ಮಾತ್ರ. ಆದ್ದರಿಂದ ನಿರ್ದೇಶಕನು ಬರೆಯಲು ಕುಳಿತಾಗ ಮೊದಲು ಆ ಜಾಗದ ದಿನನಿತ್ಯದ ಕ್ರಮವನ್ನು ಖಚಿತವಾಗಿ ಗೊತ್ತುಮಾಡಿಕೊಳ್ಳಬೇಕು. ಆಮೇಲೆ ಅದರಲ್ಲಿ ಒಂದೇ ಒಂದನ್ನು ಕೆಡಿಸಬೇಕು.

ಮೂಡಿಗೆರೆ ಕಡೆಯ ಒಂದು ಕಾಫಿ ತೋಟವನ್ನು ತೆಗೆದುಕೊಳ್ಳೋಣ. ಅರೇಬಿಕಾ ಕೊಯ್ಲು ನವೆಂಬರ್ ಹೊತ್ತಿಗೆ ಶುರುವಾಗಿ ರೊಬಸ್ಟಾ ಮುಗಿಯುವಷ್ಟರಲ್ಲಿ ಮಾರ್ಚ್ ಬಂದಿರುತ್ತದೆ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರವಾದ ಪಲ್ಪರ್ ಓಡುವುದು ಆ ದಿನಗಳಲ್ಲಿ. ಜುಲೈ ಮಳೆಯಲ್ಲಿ ಅದಕ್ಕೆ ಕೆಲಸವೇ ಇಲ್ಲ. ಹೀಗಿರುವಾಗ ಜುಲೈ ತಿಂಗಳ ಒಂದು ರಾತ್ರಿ, ಕರೆಂಟು ಹೋದ ಹೊತ್ತಿನಲ್ಲಿ, ಬೀಗ ಹಾಕಿದ ಪಲ್ಪರ್ ಮನೆಯಿಂದ ಮೋಟಾರು ತಿರುಗುವ ಸದ್ದು ಕೇಳಿಬಂದರೆ ಬಿಳಿ ಸೀರೆಯೂ ಬೇಡ, ಗೆಜ್ಜೆಯೂ ಬೇಡ. ಆದರೆ ಸಕಲೇಶಪುರದವರಿಗೆ ತಟ್ಟನೆ ಹೊಳೆಯುವ ಈ ಅಸಂಗತತೆ ರಾಯಚೂರಿನ ಪ್ರೇಕ್ಷಕರಿಗೆ ಹೊಳೆಯುವುದಿಲ್ಲವಾದ್ದರಿಂದ, ಅದನ್ನು ಬಹಳ ಮೊದಲೇ, ಪಾಠದ ಧಾಟಿಯಿಲ್ಲದೆ, ಬೇರೆ ಯಾವುದೋ ಕೆಲಸದ ನಡುವೆ ತಿಳಿಸಿಬಿಡಬೇಕು. ತೋಟದ ಲೆಕ್ಕಪತ್ರ ನೋಡಿಕೊಳ್ಳುವ ಗುಮಾಸ್ತ, ಅಂದರೆ ರೈಟರು, ಸಂಬಳದ ಲೆಕ್ಕ ಒಪ್ಪಿಸುತ್ತಾ, "ಪಲ್ಪರ್ ಬೆಲ್ಟು ಬಿಚ್ಚಿ ಜಗುಲಿ ಮೊಳೆಗೆ ಹಾಕಿದೀನಿ ಅಮ್ಮಾವ್ರೇ, ಅಲ್ಲೇ ಬಿಟ್ರೆ ಇಲಿ ಕಡೀತವೆ. ಇನ್ನು ಸುಗ್ಗಿಗೇ ಅದು ಬೇಕಾಗೋದು" ಎಂದರೆ ಸಾಕು. ಇಪ್ಪತ್ತು ಪುಟಗಳ ನಂತರ ಈ ದೃಶ್ಯ ಬರುತ್ತದೆ:

ಒಳಗೆ. ತೋಟದ ಮನೆಯ ಜಗುಲಿ. ರಾತ್ರಿ.

ಹೆಂಚಿನ ಮೇಲೆ ಮಳೆ. ಬಲ್ಬು ಆರುತ್ತದೆ.

ಯಜಮಾನಿ ಕತ್ತಲಲ್ಲಿ ಟಾರ್ಚು ತಡಕುತ್ತಾರೆ.

ದೂರದಲ್ಲಿ ಮೋಟಾರು ತಿರುಗತೊಡಗುತ್ತದೆ.

ಟಾರ್ಚಿನ ಬೆಳಕು ಗೋಡೆಯ ಮೇಲೆ ಸರಿಯುತ್ತದೆ. ಕ್ಯಾಲೆಂಡರು. ಕೊಡೆ. ಮೊಳೆ.

ಮೊಳೆಯಲ್ಲಿ ಬೆಲ್ಟಿಲ್ಲ.

ಇಲ್ಲಿ ಕ್ಯಾಮೆರಾಕ್ಕೆ ಒಂದು ಸೂಚನೆಯೂ ಇಲ್ಲ. ಆದರೂ ವಾಕ್ಯಗಳು ತುಂಡಾಗಿರುವ ಕಡೆಯೆಲ್ಲ ಶಾಟು ತುಂಡಾಗುತ್ತದೆ, ಸಾಲು ಬಿಟ್ಟ ಕಡೆ ಕಾಲ ಹಿಗ್ಗುತ್ತದೆ. ರೂಢಿಯ ಮಾದರಿಯ ಚಿತ್ರಕಥೆಯಲ್ಲಿ ಒಂದು ಪುಟಕ್ಕೆ ಪರದೆಯ ಮೇಲೆ ಸುಮಾರು 1 ನಿಮಿಷ ಎಂಬ ಲೆಕ್ಕವಿದೆ. ಅದು ಇಂಗ್ಲಿಷ್ ಟೈಪಿನ ಅಳತೆಯಿಂದ ಬಂದದ್ದಾದ್ದರಿಂದ ಕನ್ನಡ ಪುಟಕ್ಕೆ ಸರಿಯಾಗಿ ಕೂಡಿಬರುವುದಿಲ್ಲ. ಗಡಿಯಾರ ಎದುರಿಗಿಟ್ಟುಕೊಂಡು ಗಟ್ಟಿಯಾಗಿ ಓದಿ ನೋಡುವುದೇ ಹೆಚ್ಚು ನಂಬಿಕೆಯ ದಾರಿ.

ಸದ್ದನ್ನು ಸಂಕಲನದ ಹೊತ್ತಿಗೆ ಸೇರಿಸಿದರಾಯಿತು ಎಂದು ಮುಂದೂಡುವವರು ಅರ್ಧ ವಾತಾವರಣವನ್ನು ಕೈಬಿಟ್ಟಂತೆಯೇ ಸರಿ. ಹೆಂಚಿನ ಮೇಲಿನ ಮಳೆಯ ಸದ್ದು ಬೇರೆ, ತೋಟದ ಕೆಲಸಗಾರರ ಲೈನು ಮನೆಗಳ ಶೀಟಿನ ಮೇಲಿನ ಮಳೆಯ ಸದ್ದು ಬೇರೆ. ಮಳೆ ನಿಂತ ಮೇಲೂ ಸಿಲ್ವರ್ ಓಕ್ ಎಲೆಗಳಿಂದ ತೊಟ್ಟಿಕ್ಕುವುದು ನಿಲ್ಲುವುದಿಲ್ಲ. ಹತ್ತಿರದಲ್ಲಿ ಹೆಜ್ಜೆ ಬಿದ್ದರೆ ಜೀರುಂಡೆಗಳು ಸುಮ್ಮನಾಗುತ್ತವೆ ಎಂಬುದು ಮಲೆನಾಡಿನಲ್ಲಿ ರಾತ್ರಿ ನಡೆದವರಿಗೆಲ್ಲ ಗೊತ್ತು. ಆದ್ದರಿಂದ 'ಭಯಾನಕ ಮೌನ' ಎಂದು ಬರೆಯುವ ಬದಲು, ದೃಶ್ಯದ ಮೊದಲಿನಿಂದ ಜೀರುಂಡೆಗಳ ಸದ್ದನ್ನು ನಮೂದಿಸುತ್ತಾ ಬಂದು, 'ಬಚ್ಚಲ ಹಿಂಭಾಗದ ಜೀರುಂಡೆಗಳು ಮಾತ್ರ ನಿಲ್ಲುತ್ತವೆ' ಎಂದು ಬರೆಯುವುದು ಮೇಲು, ಏಕೆಂದರೆ ಯಾರೋ ಎಲ್ಲಿ ನಿಂತಿದ್ದಾರೆಂಬುದನ್ನೂ ಆ ಸಾಲು ಹೇಳುತ್ತದೆ.

ಜಾಗದ ಆಯ್ಕೆಯಲ್ಲಿಯೂ ಇದೇ ವಿವೇಕ ಬೇಕು. ಹಾಸನದ ಬಳಿಯ ಶೆಟ್ಟಿಹಳ್ಳಿ ಚರ್ಚು ಗೊರೂರಿನ ಹೇಮಾವತಿ ಜಲಾಶಯದ ಹಿನ್ನೀರಿನಲ್ಲಿ ಮಳೆಗಾಲದಲ್ಲಿ ಭಾಗಶಃ ಮುಳುಗಿ, ಬೇಸಿಗೆಯಲ್ಲಿ ಮತ್ತೆ ತೆರೆದುಕೊಳ್ಳುತ್ತದೆ. ಪಾಳು ಗೋಡೆಯನ್ನು ವರ್ಣಿಸುವುದು ಯಾರಿಗಾದರೂ ಸಾಧ್ಯ. ನೀರು ಮೊದಲ ದೃಶ್ಯದಲ್ಲಿ ಮೆಟ್ಟಿಲ ಬಳಿ, ನಡುವಿನ ದೃಶ್ಯದಲ್ಲಿ ಕಮಾನಿನ ಅರ್ಧಕ್ಕೆ ಎಂದು ಗುರುತು ಹಾಕುತ್ತಾ ಹೋದರೆ ಆ ಏರುವ ನೀರೇ ಕಥೆಗೆ ಗಡುವು ವಿಧಿಸುತ್ತದೆ. ಚಾರ್ಮಾಡಿ ಘಾಟಿಯ ಮಂಜನ್ನು ಮಾತ್ರ ನೆಚ್ಚಿಕೊಂಡು ದೃಶ್ಯ ಬರೆಯಬಾರದು. ಅದು ಚಿತ್ರೀಕರಣದ ವೇಳಾಪಟ್ಟಿ ನೋಡಿಕೊಂಡು ಬರುವುದಿಲ್ಲ, ಬಂದರೂ ಎರಡು ಟೇಕುಗಳ ನಡುವೆ ಸರಿದುಹೋಗಬಹುದು.

ಮಾತು ಕಡಿಮೆಯಿದ್ದಷ್ಟೂ ಒಳ್ಳೆಯದು. 'ನನಗೆ ಭಯವಾಗ್ತಿದೆ' ಎನ್ನುವ ಪಾತ್ರವಿದ್ದರೆ ಆ ಸಾಲನ್ನು ಮೊದಲು ಹೊಡೆದುಹಾಕಬೇಕು.

ಕರಡು ಮುಗಿದ ಮೇಲೆ ಅದರಲ್ಲಿನ ಭೀಕರ, ಭಯಾನಕ, ವಿಚಿತ್ರ ಎಂಬ ಪದಗಳನ್ನೆಲ್ಲ ಅಳಿಸಿ, ಕಾಫಿ ತೋಟವನ್ನೇ ಕಾಣದ ಒಬ್ಬರಿಗೆ ಓದಲು ಕೊಡಿ. ಅನುಮಾನ ಯಾವ ಸಾಲಿನಲ್ಲಿ ಶುರುವಾಯಿತೆಂದು ಅಂಚಿನಲ್ಲಿ ಗೀಟು ಹಾಕಲು ಹೇಳಿ. ಗೀಟು ಮೊಳೆಯ ಸಾಲಿಗಿಂತ ಮೊದಲೇ ಬಿದ್ದಿದ್ದರೆ ರೈಟರ ಮಾತನ್ನು ಇನ್ನಷ್ಟು ಹಗುರಗೊಳಿಸಬೇಕು. ಎಲ್ಲಿಯೂ ಬೀಳದಿದ್ದರೆ ಬೆಲ್ಟನ್ನು ಇನ್ನೊಮ್ಮೆ, ಬೇರೊಂದು ನೆಪದಲ್ಲಿ, ಕಣ್ಣಿಗೆ ಬೀಳಿಸಬೇಕು.